ಬಂಕಿನಲ್ಲಿ ಮರೆತುಹೋದ ಹೆಂಡತಿ

ನಮ್ಮ ಟಿನ್‌ಹಟ್ ಕ್ರೀಕಿಗೆ ಕ್ಯಾರವಾನ್ ಎಳೆದುಕೊಂಡು ಬರುವವರು ಗಾಡಿಯಿಂದ ಇಳಿದ ತಕ್ಷಣ ನನ್ನನ್ನು ಕೇಳುವುದು ಎರಡೇ ಪ್ರಶ್ನೆ. ನಲ್ಲಿ ನೀರು ಯಾಕೆ ಕೊಳೆತ ಮೊಟ್ಟೆಯ ಹಾಗೆ ನಾರುತ್ತದೆ? ಐಲ್ಸಾಳ ಕಥೆ ಸಂಜೆ ಎಷ್ಟು ಗಂಟೆಗೆ? ನೀರು ಭೂಮಿಯೊಳಗಿನಿಂದ ಕುದಿಯುತ್ತಾ ಬರುತ್ತದೆ, ಅದರ ವಾಸನೆಯೇ ಹಾಗೆ, ಬೇಡವಾದರೆ ಸ್ನಾನ ಬಿಡಿ ಎಂದು ಮೊದಲನೆಯದಕ್ಕೆ ಹೇಳುತ್ತೇನೆ. ಎರಡನೆಯದಕ್ಕೆ ಈ ವರ್ಷದಿಂದ ನನ್ನ ಹತ್ತಿರ ಉತ್ತರವಿಲ್ಲ. ಐಲ್ಸಾ ಪೆಟಿಫರ್ ಕಳೆದ ಫೆಬ್ರವರಿಯಲ್ಲಿ ತೀರಿಕೊಂಡಳು.

ಅವಳ ಬಗ್ಗೆ ಬರೆಯೋಣವೆಂದು ಕೂತರೆ ನನಗೆ ಮೊದಲು ಬರುವುದು ಕೋಪ. ಕೋಪ ನನ್ನ ಮೂಗಿನ ತುದಿಯಲ್ಲೇ ಇರುತ್ತದೆ, ಅದು ಊರಿಗೆಲ್ಲ ಗೊತ್ತು. ಊರೆಂದರೆ ಎಷ್ಟು ಮಹಾ? ನಲವತ್ತು ಜನ, ಒಂದು ಪಬ್ಬು, ಒಂದು ಶಾಲೆ, ನನ್ನ ಪೆಟ್ರೋಲ್ ಬಂಕು, ಬಂಕಿನ ಹಿಂದೆ ನನ್ನದೇ ಕ್ಯಾರವಾನ್ ಪಾರ್ಕು. ಊರಿನ ಹೆಸರನ್ನೂ ಜನರ ಹೆಸರನ್ನೂ ಬದಲಿಸಿ ಬರೆಯುತ್ತಿದ್ದೇನೆ. ಯಾಕೆಂದು ಓದಿದ ಮೇಲೆ ನಿಮಗೇ ತಿಳಿಯುತ್ತದೆ.

ಮೇ ತಿಂಗಳಿಂದ ಆಗಸ್ಟ್‌ವರೆಗೆ ನಮ್ಮ ದೇಶದಲ್ಲಿ ಚಳಿಗಾಲ. ದಕ್ಷಿಣದ ಚಳಿ ತಾಳಲಾರದ ಮುದುಕ ಮುದುಕಿಯರು ಮನೆಗೆ ಬೀಗ ಜಡಿದು, ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮನೆ, ಕಟ್ಟಿಕೊಂಡು ನಮ್ಮ ಕಡೆ ಬರುತ್ತಾರೆ. ಬೆಳಿಗ್ಗೆ ಬಿಸಿನೀರಿನ ಕೊಳದಲ್ಲಿ ಮೊಣಕಾಲು ನೆನೆಸುತ್ತಾರೆ. ಮಧ್ಯಾಹ್ನ ಐಲ್ಸಾ ಅವರನ್ನು ನಮ್ಮ ಲಡಾಸು ಬಸ್ಸಿಗೆ ತುಂಬಿಕೊಂಡು ಕುರಿಯ ಉಣ್ಣೆ ಕತ್ತರಿಸುತ್ತಿದ್ದ ಹಳೆಯ ಕೊಟ್ಟಿಗೆ, ಆಮೇಲೆ ಕೆಂಪು ಗುಡ್ಡ ಎಲ್ಲ ತೋರಿಸಿ ತರುತ್ತಿದ್ದಳು. ಐದು ಗಂಟೆಗೆ ಸರಿಯಾಗಿ ಎಲ್ಲರೂ ತಮ್ಮ ತಮ್ಮ ಮಡಿಸುವ ಕುರ್ಚಿ, ತಮ್ಮ ತಮ್ಮ ಬಾಟಲಿ ಹಿಡಿದುಕೊಂಡು ಬೆಂಕಿಯ ಸುತ್ತ ಹಾಜರು. ಕಬ್ಬಿಣದ ದಪ್ಪ ಪಾತ್ರೆಗಳಲ್ಲಿ ಕುರಿಮಾಂಸ ಬೇಯುತ್ತಿರುತ್ತದೆ, ಕೆಂಡದಲ್ಲಿ ಡ್ಯಾಂಪರ್ ರೊಟ್ಟಿ. ಐಲ್ಸಾ ಇಕ್ಕಳ ಕೈಯಲ್ಲಿ ಹಿಡಿದೇ ಶುರು ಮಾಡುತ್ತಿದ್ದಳು.

“ನನ್ನ ಗಂಡ ಕ್ಲೆಮ್ ಬಹಳ ಜೋಪಾನದ ಮನುಷ್ಯ ಕಣ್ರಪ್ಪ. ಎಲ್ಲೂ ಏನೂ ಮರೆತೋನಲ್ಲ. ಟಾರ್ಚ್ ಮರೀಲಿಲ್ಲ, ಸುತ್ತಿಗೆ ಮರೀಲಿಲ್ಲ. ಈ ಬಂಕಲ್ಲಿ ಡೀಸೆಲ್ ಹಾಕಿಸ್ದ, ಗಾಜು ಒರೆಸ್ದ, ಟೈರಿಗೆ ಗಾಳಿ ನೋಡ್ದ. ಹೆಂಡ್ತೀನ ಮಾತ್ರ ಪಾಯಿಖಾನೇಲಿ ಬಿಟ್ಟು ಹೋದ!”

ಜನ ಹೋ ಎನ್ನುತ್ತಿದ್ದರು. ಯಾರಾದರೊಬ್ಬರು ಎಷ್ಟು ದೂರ ಹೋದ ಎಂದು ಕೇಳಲೇಬೇಕು, ಕೇಳುತ್ತಿದ್ದರು.

“ನೂರ ಎಪ್ಪತ್ತೆಂಟು ಕಿಲೋಮೀಟರ್! ನಾನು ಹಿಂದೆ ಕ್ಯಾರವಾನಲ್ಲಿ ಮಲಗಿದೀನಿ ಅಂದ್ಕೊಂಡು ಮೆಲ್ಲಗೆ ಓಡಿಸಿದಾನೆ ಪುಣ್ಯಾತ್ಮ. ಗುಂಡಿ ಬಂದ್ರೆ ನಿಧಾನ ಮಾಡಿದಾನೆ, ನಿದ್ದೆ ಕೆಡಬಾರ್ದು ಅಂತ. ಮದ್ವೆಯಾದ ಮೂವತ್ತಾರು ವರ್ಷದಲ್ಲಿ ಅಷ್ಟು ಕಾಳಜಿ ಒಂದು ದಿನ ತೋರಿಸಿರಲಿಲ್ಲ, ತೋರಿಸಿದ್ದು ಖಾಲಿ ಹಾಸಿಗೆಗೆ!”

“ಆಮೇಲೆ ಬಂದ್ನಾ?”

“ಹತ್ತೊಂಬತ್ತು ವರ್ಷ ಆಯ್ತು. ಪಶ್ಚಿಮದ ಕಡೆ ಹೋಗೋರು ಯಾರಾದ್ರೂ ಇದ್ರೆ ಹೇಳಿ, ಹೆಂಡ್ತಿ ಇನ್ನೂ ಬಂಕಲ್ಲೇ ನಿಂತಿದಾಳೆ ಅಂತ.”

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವಳು ಹೇಳುತ್ತಿದ್ದುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅರ್ಧ ಕಥೆ. ಉಳಿದರ್ಧ ಗೊತ್ತಿದ್ದವಳು ನಾನು.

ಅವರಿಬ್ಬರಿಗೂ ಹಿಂದಿನ ಸಂಜೆ ಇನ್ನೊಂದು ಊರಿನ ಪಾರ್ಕಿನಲ್ಲಿ ಜಗಳವಾಗಿತ್ತು. ಕ್ಯಾರವಾನ್ ಹಿಂದಕ್ಕೆ ತೆಗೆಯುವಾಗ ಗಂಡ ಸ್ಟಿಯರಿಂಗ್ ಹಿಡಿಯುತ್ತಾನೆ, ಹೆಂಡತಿ ಹಿಂದೆ ನಿಂತು ಕೈಸನ್ನೆ ಮಾಡುತ್ತಾಳೆ, ಪಾರ್ಕಿನವರೆಲ್ಲ ಗ್ಲಾಸು ಹಿಡಿದು ಬಿಟ್ಟಿ ಮನರಂಜನೆ ನೋಡುತ್ತಾರೆ. ಐಲ್ಸಾ ಎಡಕ್ಕೆ ಎಂದಳು, ಕ್ಲೆಮ್ ಬಲಕ್ಕೆ ತಿರುಗಿಸಿ ನಲ್ಲಿಕಂಬ ಮುರಿದ. ಎಲ್ಲರೆದುರು ಇವಳನ್ನೇ ಬೈದ. ಇವಳು ಮಾತು ಬಿಟ್ಟಳು. ಮರುದಿನ ಅವನ ಪಕ್ಕ ಕೂರಲೊಲ್ಲದೆ ಹಿಂದೆ ಕ್ಯಾರವಾನಿನೊಳಗೇ ಹಾಸಿಗೆಯಲ್ಲಿ ಮುಖ ಊದಿಸಿಕೊಂಡು ಮಲಗಿದಳು. ಓಡುವ ಕ್ಯಾರವಾನಿನಲ್ಲಿ ಯಾರೂ ಇರಬಾರದೆಂದು ಕಾನೂನಿದೆ. ಕೋಪ ಬಂದ ಹೆಂಗಸಿಗೆ ಯಾವ ಕಾನೂನು?

ನಮ್ಮ ಬಂಕಿನಲ್ಲಿ ನಿಲ್ಲಿಸಿದಾಗ ಅವಳು ಆಚೆ ಬದಿಯ ಬಾಗಿಲಿನಿಂದ ಇಳಿದು ಪಾಯಿಖಾನೆಗೆ ಹೋದಳು. ಕ್ಲೆಮ್‌ಗೆ ಕಾಣಿಸಲಿಲ್ಲ. ನಾನು ಬಂದು ನೋಡಿದೆ, ಬಾಗಿಲ ಮೆಟ್ಟಿಲು ಹಾಗೇ ಕೆಳಗಿತ್ತು. ಮರೆತಿರಬೇಕು, ಪಾಪ, ರಸ್ತೆಗೆ ತಾಗಿ ಮುರಿಯುತ್ತದೆ ಎಂದು ಅದನ್ನು ಮೇಲಕ್ಕೆ ಮಡಚಿ, ಬಾಗಿಲು ಒತ್ತಿ, ಕ್ಯಾರವಾನಿನ ಪಕ್ಕೆಗೆ ಎರಡು ಸಲ ತಟ್ಟಿದೆ. ಹಾಗೆ ಎರಡು ತಟ್ಟಿದರೆ ಹಿಂದೆ ಎಲ್ಲ ಸರಿಯಿದೆ, ಹೊರಡು ಎಂದು ಅರ್ಥ. ಹೆಂಡತಿಯೇ ತಟ್ಟಿ ಒಳಗೆ ಹೋಗಿ ಮಲಗಿದಳು ಎಂದುಕೊಂಡ ಕ್ಲೆಮ್ ಕೈ ಬೀಸಿ ಹೊರಟ. ನಾನೂ ಕೈ ಬೀಸಿದೆ. ಐದು ನಿಮಿಷಕ್ಕೆ ಐಲ್ಸಾ ಒದ್ದೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದು ನನ್ನನ್ನು ಕೇಳಿದಳು: “ಇಲ್ಲೊಂದು ಗಾಡಿ ಇತ್ತಲ್ಲಾ?”

ಐದಕ್ಕೆ ಇನ್ನೂ ಕಾಲು ಗಂಟೆಯಿರುವಾಗ ಫೋನ್ ಬಂತು. ಪಶ್ಚಿಮದ ಮುಂದಿನ ಬಂಕಿನಿಂದ ಕ್ಲೆಮ್. ನಾನೇ ಎತ್ತಿ ಅವಳ ಕೈಗೆ ಕೊಟ್ಟೆ. ಅವಳು ಏನು ಹೇಳಿದಳೆಂದು ನನಗೆ ಅಕ್ಷರಕ್ಷರ ನೆನಪಿದೆ, ಯಾಕೆಂದರೆ ನಾನು ಅವಳ ಮೊಣಕೈ ಪಕ್ಕದಲ್ಲೇ ನಿಂತಿದ್ದೆ.

“ಏನಪ್ಪಾ, ಹೆಂಡ್ತಿ ನೆನಪಾದ್ಲಾ?” ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಹೇಳಿದಳು: “ಇಲ್ಲ ಇಲ್ಲ, ಬರಬೇಡ. ಕ್ಲೆಮ್, ಕೇಳಿಸ್ತಾ? ಇವತ್ತು ಬರಬೇಡ. ಹೊತ್ತು ಮುಳುಗ್ತಿದೆ, ಕಾಂಗರೂ ರಸ್ತೆಗೆ ಬರೋ ಹೊತ್ತು. ಇಲ್ಲಿ ಮಿರ್ನಾ ಅಂತ ಒಬ್ಳಿದಾಳೆ, ಬಾಯಿ ಜೋರು, ಹಾಸಿಗೆ ಕೊಡ್ತಾಳಂತೆ. ಬೆಳಿಗ್ಗೆ ತಿಂಡಿ ತಿಂದು ನಿಧಾನಕ್ಕೆ ಬಾ.”

ಫೋನ್ ಇಟ್ಟು, “ಬೆಳಿಗ್ಗೆ ಬರ್ತಾನಂತೆ” ಎಂದಳು.

ಅವನು ಬೆಳಿಗ್ಗೆಯವರೆಗೆ ಕಾಯಲಿಲ್ಲ. ಕ್ಯಾರವಾನನ್ನು ಅಲ್ಲೇ ಕಳಚಿಟ್ಟು ಬರೀ ಕಾರು ತೆಗೆದುಕೊಂಡು ಹೊರಟುಬಿಟ್ಟ. ನಮ್ಮೂರು ಅರವತ್ತು ಕಿಲೋಮೀಟರ್ ಇರುವಾಗ ಕಾಂಗರೂ ಅಡ್ಡ ಬಂತು. ತಪ್ಪಿಸಲು ಹೋಗಿ ಕಾರು ಉರುಳಿತು. ಲಾರಿಯವನೊಬ್ಬ ನೋಡಿ ಬಂದು ನಮಗೆ ಹೇಳಿದಾಗ ಐಲ್ಸಾ ನನ್ನ ಅಡುಗೆಮನೆಯಲ್ಲಿ ಟೋಸ್ಟ್ ತಿನ್ನುತ್ತಿದ್ದಳು. ಅವತ್ತಿನ ಅವಳ ಮುಖವನ್ನು ನಾನು ಬರೆಯುವುದಿಲ್ಲ.

ಅವರಿಗೆ ಒಬ್ಬಳೇ ಮಗಳು, ರೊವೀನಾ. ಅವರೂರು ಟೂವೂಂಬಾದಲ್ಲಿ ಅಪ್ಪನನ್ನು ಮಣ್ಣು ಮಾಡುವಾಗ ಅವಳು ತಾಯಿಯ ಎದುರು ನಿಂತು, ನೆಂಟರಿಷ್ಟರೆಲ್ಲ ಕೇಳುವ ಹಾಗೆ ಹೇಳಿದಳಂತೆ: “ಮಕ್ಕಳ ಹಾಗೆ ಮುಖ ಊದಿಸ್ಕೊಂಡು ಹಿಂದೆ ಮಲಗಿದ್ದು ನೀನು. ಅಪ್ಪನ್ನ ಕೊಂದಿದ್ದು ನೀನು.” ಐಲ್ಸಾ ಬಾಯಿ ತೆರೆಯುವಷ್ಟರಲ್ಲಿ ಬೆನ್ನು ತಿರುಗಿಸಿದಳು. ಎರಡು ವಾರಕ್ಕೆ ಐಲ್ಸಾ ಬಸ್ಸಿನಲ್ಲಿ ನಮ್ಮೂರಿಗೆ ಬಂದಳು, ಆ ಬಂಕಿನಿಂದ ನಾವು ಎಳೆದು ತಂದಿಟ್ಟಿದ್ದ ಕ್ಯಾರವಾನ್ ತೆಗೆದುಕೊಂಡು ಹೋಗಲು. ಅದನ್ನು ಎಳೆಯಲು ಅವಳ ಹತ್ತಿರ ಕಾರಿರಲಿಲ್ಲ, ಮಗಳು ಹಾಗೆಂದ ಮೇಲೆ ಹೋಗಲು ಊರೂ ಇರಲಿಲ್ಲ. ನನ್ನ ಪಾರ್ಕಿನ ಹದಿನಾಲ್ಕನೇ ಜಾಗದಲ್ಲಿ ನಿಲ್ಲಿಸಿದೆವು. ಅದರ ಚಕ್ರಗಳು ಈಗ ಅರ್ಧ ಮಣ್ಣಿನಲ್ಲಿವೆ.

ಮೊದಲ ತಿಂಗಳಲ್ಲೇ ನಾನು ಅವಳಿಗೆ ಹೇಳಿಬಿಟ್ಟೆ, ಎರಡು ಸಲ ತಟ್ಟಿದ್ದು ನಾನು ಎಂದು. ಹೇಳದಿದ್ದರೆ ಎದೆ ಒಡೆದುಹೋಗುತ್ತಿತ್ತು. ಅವಳು ನನ್ನನ್ನೇ ನೋಡಿ, “ನೀನು ಮಡಚದೆ ಇದ್ದಿದ್ರೆ ಮೆಟ್ಟಿಲು ಮುರೀತಿತ್ತು ಕಣೇ. ಹೋಗು, ಟೀ ಇಡು” ಎಂದಳು. ಅಷ್ಟೇ. ಮತ್ತೆ ಎಂದೂ ಆ ಮಾತು ಎತ್ತಲಿಲ್ಲ. ನನ್ನನ್ನು ಅಷ್ಟು ಸುಲಭಕ್ಕೆ ಬಿಟ್ಟಳಲ್ಲ ಎಂದು ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟು.

ಆ ಕಥೆ ಹೇಳಲು ಅವಳು ಶುರು ಮಾಡಿದ್ದೂ ಬೇಕೆಂದಲ್ಲ. ಮರುವರ್ಷ ಚಳಿಗಾಲದಲ್ಲಿ ಯಾರೋ ಒಬ್ಬಳು ಬೆಂಕಿಯ ಪಕ್ಕದಲ್ಲಿ ನೀವು ಈ ಕೊಂಪೆಗೆ ಹೇಗೆ ಬಂದಿರಿ ಎಂದು ಕೇಳಿದಳು. “ನನ್ನ ಗಂಡ ಡೀಸೆಲ್ ಹಾಕಿಸಿ ನನ್ನ ಇಲ್ಲೇ ಮರೆತು ಹೋದ” ಎಂದಳು ಐಲ್ಸಾ. ನಿಜವನ್ನೇ ಹೇಳಿದ್ದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ಬೆಚ್ಚಿಬಿದ್ದಳು. ಆಮೇಲೆ, ಏನಾಶ್ಚರ್ಯವೋ, ತಾನೂ ನಕ್ಕಳು. ಹತ್ತು ತಿಂಗಳಲ್ಲಿ ನಾನು ನೋಡಿದ ಮೊದಲ ನಗು. ಮರುದಿನ ಇನ್ನೊಂದು ಗುಂಪಿಗೆ ಹೇಳಿದಳು. ದಿನಕ್ಕೊಮ್ಮೆ ಕ್ಲೆಮ್ ಬದುಕಿದ್ದು ಮೆಲ್ಲಗೆ ಕಾರು ಓಡಿಸುತ್ತಿರುತ್ತಾನಲ್ಲ, ಅದು ಅವಳಿಗೆ ಬೇಕಾಗಿತ್ತು ಎಂದು ನಾನು ಅಂದುಕೊಂಡಿದ್ದೇನೆ.

ಇನ್ನು ಈ ಲೋಕದಲ್ಲಿ ಅವಳಿಗೆ ಬೇಕಾಗಿದ್ದುದು ಒಂದೇ ಒಂದು. ಮಗಳ ಎದುರು ನಿಂತು, “ನಾನು ಅವನಿಗೆ ಬರಬೇಡ ಅಂದಿದ್ದೆ” ಎಂದು ಹೇಳುವುದು. ಕಾಗದ ಬರೆದರೆ ಒಡೆಯದೆ ವಾಪಸ್ ಬರುತ್ತಿತ್ತು. ಫೋನ್ ಮಾಡಿದರೆ ದನಿ ಕೇಳಿದೊಡನೆ ಇಡುತ್ತಿದ್ದಳು. ನಾನೇ ಹೋಗಿ ಹೇಳ್ತೀನಿ, ನನ್ನ ಕಿವಿಯಾರೆ ಕೇಳಿದೀನಿ ಎಂದು ಎಷ್ಟು ಸಲ ಕುಣಿದೆನೋ.

“ಸಾಕ್ಷಿ ಕರ್ಕೊಂಡು ಮಗಳ ಹತ್ರ ಹೋಗೋಕೆ ಅದೇನು ಕೋರ್ಟಾ?” ಎನ್ನುತ್ತಿದ್ದಳು. “ಒಂದಿನ ಬರ್ತಾಳೆ. ನಾನೇ ಹೇಳ್ತೀನಿ.” ಸ್ವಲ್ಪ ಹೊತ್ತಾದ ಮೇಲೆ ಯಾವಾಗಲೂ ಇನ್ನೊಂದು ಮಾತು: “ಬರಬೇಡ ಅಂದ್ರೂ ಯಾಕೆ ಬಂದ್ನೋ ಮಿರ್ನಾ? ಬೆಳಿಗ್ಗೆ ಬರ್ತೀನಿ ಅಂದೋನು ಯಾಕೆ ಬಂದ?” ನನಗೇನು ಗೊತ್ತು? ಜಗಳವಾಡಿದ್ದಕ್ಕೆ ಮನಸ್ಸು ತಡೆದಿರಲಿಕ್ಕಿಲ್ಲ ಎನ್ನುತ್ತಿದ್ದೆ.

ಕಳೆದ ಜೂನ್‌ನಲ್ಲಿ ಒಂದು ಮಧ್ಯಾಹ್ನ ಫೋನ್ ಬಂತು.

“ಅಲ್ಲಿ ಪೆಟಿಫರ್ ಅನ್ನೋರು ಇನ್ನೂ ಇದಾರಾ?”

“ಯಾರು ಕೇಳ್ತಿರೋದು?”

“ಮಗಳು.”

ಬಾಯಿಗೆ ಬಂದಿದ್ದನ್ನೆಲ್ಲ ನುಂಗಿಕೊಂಡು, ಇದಾರೆ, ಬನ್ನಿ ಎಂದೆ. ಅವಳೂ ಗಂಡನೂ ಹೊಸದಾಗಿ ಕ್ಯಾರವಾನ್ ಕೊಂಡು ಹೊರಟಿದ್ದರು. ಗುರುವಾರ ಬರುತ್ತೇವೆ, ಎರಡು ದಿನ ಇರುತ್ತೇವೆ ಎಂದಳು.

ಐಲ್ಸಾಳಿಗೆ ಹೇಳಿದರೆ ಅವಳು ಕುರ್ಚಿಯಲ್ಲಿ ಕೂತುಬಿಟ್ಟಳು. ಎಪ್ಪತ್ತಾರು ವರ್ಷದ ಹೆಂಗಸು, ಆ ನಾಲ್ಕು ದಿನ ಮದುವೆ ಹೆಣ್ಣಿನ ಹಾಗೆ ಪರದಾಡಿದಳು. ಕೂದಲು ಕತ್ತರಿಸಿಕೊಂಡಳು. ಕ್ಯಾರವಾನಿನ ಪರದೆ ಒಗೆದಳು, ಒಗೆದಿದ್ದನ್ನೇ ಮತ್ತೆ ಒಗೆದಳು. ಬಟ್ಟೆ ಒಗೆಯುವ ಯಂತ್ರದ ಹಿಂದೆ ಒಬ್ಬಳೇ ನಿಂತು ಬಾಯಿಪಾಠ ಮಾಡುತ್ತಿದ್ದಳು: “ರೊವೀ, ನಾನು ಅವನಿಗೆ ಬರಬೇಡ ಅಂದಿದ್ದೆ ಕಣೆ.” ಒಮ್ಮೆ ನಿಧಾನಕ್ಕೆ, ಒಮ್ಮೆ ಬೇಗ. ನಾನು ಕೇಳಿಸಿಕೊಂಡೂ ಕೇಳದವಳ ಹಾಗೆ ಓಡಾಡಿದೆ.

ಗುರುವಾರ ಕಥೆ ಬೇಡ ಎಂದು ಅವಳೇ ಅಂದಳು. “ಅವಳೆದುರು ಅದನ್ನ ಹೇಳೋಕಾಗುತ್ತಾ? ಜನರಿಗೆ ಏನಾದ್ರೂ ಹೇಳು.” ನಾನು ಬುದ್ಧಿವಂತೆ ನೋಡಿ, ಐಲ್ಸಾಗೆ ಗಂಟಲು ಕಟ್ಟಿದೆ, ಇವತ್ತು ಕಥೆ ಇಲ್ಲ ಎಂದು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. ಆ ಕೈ ಮುರಿದುಹೋಗಬಾರದಿತ್ತೇ!

ಬೆವನ್ ಎಂಬ ಒಬ್ಬ ಹಳೆಯ ಗಿರಾಕಿ ಇದ್ದಾನೆ. ಬಸ್ ಡ್ರೈವರಾಗಿದ್ದು ನಿವೃತ್ತನಾದವನು, ಹನ್ನೊಂದು ಚಳಿಗಾಲದಿಂದ ತಪ್ಪದೆ ಬರುತ್ತಾನೆ. ಒಳ್ಳೆಯವನು, ಅದೇ ಕಷ್ಟ. ಐದು ಗಂಟೆಗೆ ಎಲ್ಲರೂ ಸೇರಿದ ಮೇಲೆ, ಐಲ್ಸಾ ಬೆಂಕಿಯ ಹತ್ತಿರ ಬಗ್ಗಿ ಕೆಂಡ ಸರಿಸುತ್ತಿರುವಾಗ, ಇವನು ಎದ್ದು ನಿಂತ. “ಐಲ್ಸಾಗೆ ಗಂಟಲು ಕಟ್ಟಿದ್ರೆ ಏನಾಯ್ತು? ನನಗೆ ಪೂರ್ತಿ ಬಾಯಿಪಾಠ. ಅವಳ ಪರವಾಗಿ ನಾನು ಹೇಳ್ತೀನಿ ಕೇಳ್ರಪ್ಪಾ!” ಎಂದ. ನಾನು ರೊಟ್ಟಿಯ ತಟ್ಟೆ ಹಿಡಿದು ಅಡುಗೆಮನೆಯಿಂದ ಬರುವಷ್ಟರಲ್ಲಿ ಕಥೆಯಲ್ಲಿ ಪಾಯಿಖಾನೆಯವರೆಗೆ ಹೋಗಿಬಿಟ್ಟಿದ್ದ. ಐಲ್ಸಾಳ ದನಿಯನ್ನೇ ಅಣಕಿಸುತ್ತಿದ್ದ, ಪ್ರೀತಿಯಿಂದಲೇ. ಜನ ಬಿದ್ದು ಬಿದ್ದು ನಗುತ್ತಿದ್ದರು. ಐಲ್ಸಾ ಕಲ್ಲಾಗಿ ನಿಂತಿದ್ದಳು. ಅವಳು ನೋಡುತ್ತಿದ್ದ ಕಡೆ ನಾನೂ ನೋಡಿದೆ. ಗುಂಪಿನ ಅಂಚಿನಲ್ಲಿ ಮಡಚಿದ ಕುರ್ಚಿಯೊಂದನ್ನು ಎದೆಗೆ ಒತ್ತಿ ಹಿಡಿದು ಐವತ್ತರ ಮೇಲಿನ ಒಬ್ಬ ಹೆಂಗಸು ನಿಂತಿದ್ದಳು. ಐಲ್ಸಾಳದ್ದೇ ಗಲ್ಲ. ಆಗತಾನೇ ಬಂದಿಳಿದಿದ್ದರು.

“ಆ ಮುದುಕ ಈಗ ಇನ್ಯಾರನ್ನೋ ಪಕ್ಕದಲ್ಲಿ ಕೂರಿಸ್ಕೊಂಡು ಸುತ್ತುತ್ತಿರಬೇಕು!” ಎಂದು ಬೆವನ್ ತನ್ನದೂ ಒಂದು ಮಾತು ಸೇರಿಸಿದ. ರೊವೀನಾ ಕುರ್ಚಿಯನ್ನು ನೆಲಕ್ಕಿಟ್ಟು ಬಟ್ಟೆ ಒಗೆಯುವ ಶೆಡ್ಡಿನ ಕಡೆ ನಡೆದಳು. ಐಲ್ಸಾ ಕೈಯಲ್ಲಿದ್ದ ಇಕ್ಕಳವನ್ನೂ ಬಿಡದೆ ಹಿಂದೆ ಹೋದಳು. ನಾನು ಹೋಗಬಾರದಿತ್ತು. ಹೋದೆ.

ಶೆಡ್ಡಿನ ಹಿಂದೆ ತಂತಿಯ ಮೇಲೆ ನನ್ನ ಹಾಸಿಗೆ ಬಟ್ಟೆಗಳು ಒಣಗುತ್ತಿದ್ದವು. ಅವುಗಳ ನಡುವೆ ತಾಯಿ ಮಗಳು ಎದುರುಬದುರು ನಿಂತಿದ್ದರು.

“ದಿನಾ ಇದನ್ನ ಹೇಳ್ತೀಯಂತೆ,” ಎಂದಳು ರೊವೀನಾ. “ದಿನಾ ನಗಿಸ್ತೀಯಂತೆ.”

“ಅಷ್ಟು ಹೇಳೋಕಾಗುತ್ತೆ ಮಗಾ. ಮುಂದಿಂದು ಹೇಳೋಕಾಗಲ್ಲ.” ಐಲ್ಸಾ ಉಸಿರೆಳೆದುಕೊಂಡಳು. “ರೊವೀ, ನಿಂಗೊಂದು ಮಾತು ಹೇಳ್ಬೇಕು ಅಂತ ಹತ್ತೊಂಬತ್ತು ವರ್ಷದಿಂದ...”

“ನಾನು ಮೊದ್ಲು ಹೇಳ್ತೀನಿ. ಅದಕ್ಕೇ ಬಂದಿರೋದು. ಈಗ ಹೇಳದಿದ್ರೆ ಮತ್ತೆ ಧೈರ್ಯ ಬರಲ್ಲ.” ತಂತಿಯ ಮೇಲಿನ ಬಟ್ಟೆಯ ಅಂಚು ಹಿಡಿದುಕೊಂಡಳು. “ಅಮ್ಮ, ಅವತ್ತು ಅಪ್ಪ ನಂಗೆ ಫೋನ್ ಮಾಡಿದ್ರು. ಆ ಬಂಕಿಂದ. ನಗ್ತಾ ಇದ್ರು. ‘ನಿಮ್ಮಮ್ಮನ್ನ ಮರೆತು ಬಂದಿದೀನಿ ಪುಟ್ಟಾ, ಕತ್ತಲಾಗ್ತಿದೆ, ಬೆಳಿಗ್ಗೆ ಹೋಗ್ಲಾ’ ಅಂದ್ರು. ನಾನು ಬೈದೆ. ‘ಎಂಥೋರಪ್ಪ ನೀವು, ಅಮ್ಮ ಗೊತ್ತಿಲ್ದಿರೋ ಊರಲ್ಲಿ ಒಬ್ಳೇ ಇದಾಳೆ, ಈಗ್ಲೇ ಹೊರಡಿ’ ಅಂದೆ. ಹೊರಡದಿದ್ರೆ ನನ್ನ ಹತ್ರ ಮಾತಾಡಬೇಡಿ ಅಂದೆ. ಅಪ್ಪನ್ನ ಕಳಿಸಿದ್ದು ನಾನು. ಅದನ್ನ ನಿನ್ನ ಮೇಲೆ ಹಾಕಿದೆ. ಹಾಕಿದ ಮೇಲೆ ನಿನ್ನ ಮುಖ ನೋಡೋಕಾಗಲಿಲ್ಲ. ಒಂದಿನ ಸರಿಯಾಗಿ ನಿದ್ದೆ ಮಾಡಿಲ್ಲಮ್ಮ ನಾನು. ಗುಳಿಗೆ ತಗೊಂಡ್ರೂ ಮೂರು ಗಂಟೆಗೆ ಎಚ್ಚರಾಗುತ್ತೆ. ಈಗ್ಲೇ ಹೊರಡಿ, ಈಗ್ಲೇ ಹೊರಡಿ ಅಂತ ನನ್ನ ದನಿ ನಂಗೇ ಕೇಳಿಸುತ್ತೆ.”

ನಾನು ಐಲ್ಸಾಳ ಮುಖ ನೋಡಿದೆ. ಯಾಕೆ ಬಂದ, ಯಾಕೆ ಬಂದ ಎಂದು ಅಷ್ಟು ವರ್ಷ ಕೇಳಿಕೊಂಡವಳಿಗೆ ಉತ್ತರ ಸಿಕ್ಕಿತ್ತು. ಈಗ ಹೇಳು ತಾಯಿ, ಹೇಳಿಬಿಡು ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಬಾಯಿಪಾಠ ಮಾಡಿದ ಒಂದೇ ಸಾಲು.

ಐಲ್ಸಾ ಇಕ್ಕಳವನ್ನು ಕಲ್ಲಿನ ಮೇಲಿಟ್ಟಳು.

“ಅಯ್ಯೋ ಹುಚ್ಚೀ,” ಎಂದಳು. “ನಿನ್ನ ಮಾತಿಗೆ ಬಂದ ಅಂದ್ಕೊಂಡ್ಯಾ? ನಿನ್ನ ಮಾತನ್ನ ಅವನು ಯಾವತ್ತು ಕೇಳಿದಾನೆ? ನಿನ್ನ ಹತ್ರ ಮಾತಾಡಿದ ಮೇಲೆ ಇಲ್ಲಿಗೆ ಫೋನ್ ಮಾಡ್ದ. ‘ರೊವೀ ಸುಮ್ನೆ ಕೂಗಾಡ್ತಾಳೆ, ನಾನು ಬರಲ್ಲ, ಬೆಳಿಗ್ಗೆ ಬರ್ತೀನಿ’ ಅಂತ ಹೇಳೋಕೇ ಮಾಡ್ದ. ನಾನು ಬಿಡಲಿಲ್ಲ. ಜಗಳ ಇನ್ನೂ ತಲೇಲಿತ್ತು. ‘ಈಗ್ಲೇ ಬಾ, ಇಲ್ದಿದ್ರೆ ಬಸ್ ಹತ್ತಿ ಹೋಗ್ತೀನಿ, ಮತ್ತೆ ನನ್ನ ಹುಡುಕಬೇಡ’ ಅಂದೆ. ಅದಕ್ಕೆ ಬಂದ.”

“ಐಲ್ಸಾ!” ಎಂದೆ ನಾನು. ತಡೆಯಲಾಗಲಿಲ್ಲ.

ಅವಳು ನನ್ನ ಕಡೆ ತಿರುಗಿದಳು. “ಮಿರ್ನಾ, ರೊಟ್ಟಿ ಸೀದುಹೋಗುತ್ತೆ. ಹೋಗಿ ನೋಡು,” ಎಂದಳು. ನಾನು ಎರಡು ಹೆಜ್ಜೆ ಹಿಂದೆ ಸರಿದೆ, ಹೋಗಲಿಲ್ಲ.

ರೊವೀನಾ ನೆಲದ ಮೇಲೆ ಕೂತುಬಿಟ್ಟಿದ್ದಳು. “ನಾನಲ್ವಾ? ನಾನಲ್ವಾ ಅಮ್ಮ?” ಎಂದು ಚಿಕ್ಕ ಹುಡುಗಿಯ ಹಾಗೆ ಬಿಕ್ಕುತ್ತಿದ್ದಳು. “ನೀನಲ್ಲ ಕಣೆ, ನೀನಲ್ಲ,” ಎಂದು ಐಲ್ಸಾ ಅವಳ ತಲೆಯ ಮೇಲೆ ಕೈ ಇಟ್ಟಳು. ಸ್ವಲ್ಪ ಹೊತ್ತು ರೊವೀನಾ ಆ ಕೈಯನ್ನು ಹಾಗೇ ಇರಗೊಟ್ಟಳು. ಹತ್ತೊಂಬತ್ತು ವರ್ಷಕ್ಕೆ ಐಲ್ಸಾಳಿಗೆ ಸಿಕ್ಕಿದ್ದು ಅಷ್ಟೇ, ಒಂದೆರಡು ನಿಮಿಷ. ಆಮೇಲೆ ಅಳು ನಿಂತಿತು. ತಲೆಯೆತ್ತಿ ತಾಯಿಯನ್ನು ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಮುಖ ಬೇರೆಯಾಯಿತು. ಕೈಯನ್ನು ಮೆಲ್ಲಗೆ ತೆಗೆದಿಟ್ಟಳು.

“ಹಾಗಾದ್ರೆ ನೀನೇ,” ಎಂದಳು. “ಎಲ್ಲಾ ಗೊತ್ತಿದ್ದೂ ದಿನಾ ಅಲ್ಲಿ ನಿಂತು ನಗಿಸ್ತಿದ್ದೆ.”

“ಹೂಂ,” ಎಂದಳು ಐಲ್ಸಾ.

ಮರುದಿನ ಬೆಳಿಗ್ಗೆಯೇ ಅವರು ಹೊರಟರು. ಎರಡು ದಿನ ಎಂದವರು ಒಂದು ದಿನಕ್ಕೇ. ರೊವೀನಾಳ ಗಂಡ, ಪಾಪ ಸಂಕೋಚದ ಮನುಷ್ಯ, ನನ್ನ ಕೈ ಕುಲುಕಿ ಏನೋ ಗೊಣಗಿದ. ಐಲ್ಸಾ ತನ್ನ ಕ್ಯಾರವಾನಿನ ನೆರಳಿನಲ್ಲಿ ನಿಂತು ನೋಡಿದಳು. ರೊವೀನಾ ಒಂದು ಸಲ ಅವಳ ಕಡೆ ನೋಡಿ ಕಾರು ಹತ್ತಿದಳು.

ಧೂಳು ಅಡಗಿದ ಮೇಲೆ ನಾನು ಅವಳ ಮೇಲೆ ಬಿದ್ದೆ. “ನಿಂಗೇನು ತಲೆ ಕೆಟ್ಟಿದೆಯೇನೇ? ಬರಬೇಡ ಅಂದೋಳು ನೀನು! ನಾನು ಪಕ್ಕದಲ್ಲೇ ಇದ್ದೆ! ಇಷ್ಟು ವರ್ಷ ಕಾದು ಕಾದು, ಬಾಯಿಗೆ ಬಂದಿದ್ದು ಇದಾ?”

“ಕೂಗಾಡಬೇಡ, ಜನ ಇದಾರೆ,” ಎಂದಳು. ಅವಳಿಗೆ ಅಳುವೂ ಬಂದಿರಲಿಲ್ಲ. “ಅವಳಿಗಿನ್ನೂ ಐವತ್ಮೂರು ಕಣೇ. ಇನ್ನೂ ಮೂವತ್ತು ವರ್ಷ ಮಲಗಿ ಏಳ್ಬೇಕು. ನಾನು ನಿಜ ಹೇಳಿದ್ರೆ ಅವಳಿಗೆ ಏನು ಉಳೀತಿತ್ತು? ಅಮ್ಮ ತಡೆದ್ಲು, ನಾನೇ ಕಳಿಸಿದೆ ಅಂತ ಉಳೀತಿತ್ತು. ಅದನ್ನ ಹೊತ್ಕೊಂಡು ಮಗು ಎಲ್ಲಿಗೆ ಹೋಗ್ಬೇಕು?”

“ನೀನು ಎಲ್ಲಿಗೆ ಹೋಗ್ಬೇಕು?”

“ನಾನು ಎಲ್ಲಿಗೂ ಹೋಗಲ್ವಲ್ಲ,” ಎಂದು ಬಸ್ಸಿನ ಗಾಜು ಒರೆಸಲು ಹೋದಳು.

ಆಮೇಲೆ ಅವಳು ಆ ಕಥೆ ಹೇಳಲಿಲ್ಲ. ಗುಡ್ಡಕ್ಕೆ ಬಸ್ಸು ಓಡಿಸಿದಳು, ರೊಟ್ಟಿ ಸುಟ್ಟಳು. ಯಾರಾದರೂ ಕೇಳಿದರೆ ಮರೆತುಹೋಗಿದೆ ಎನ್ನುತ್ತಿದ್ದಳು. ಬೆವನ್ ಕ್ಷಮೆ ಕೇಳಲು ಬಂದರೆ ಅವನನ್ನೇ ಸಮಾಧಾನ ಮಾಡಿ ಕಳಿಸಿದಳು. ಬೇಸಿಗೆಯಲ್ಲಿ ನಮ್ಮಲ್ಲಿ ಒಂದು ನೊಣಕ್ಕೂ ಕೆಲಸವಿರುವುದಿಲ್ಲ, ಪಾರ್ಕು ಖಾಲಿ. ಫೆಬ್ರವರಿಯ ಒಂದು ಬೆಳಿಗ್ಗೆ ಟೀಗೆ ಕರೆಯೋಣವೆಂದು ಹೋದೆ. ಕ್ಯಾರವಾನಿನ ಚಪ್ಪರದ ಕೆಳಗೆ ಕುರ್ಚಿಯಲ್ಲಿ ಕೂತೇ ಹೋಗಿಬಿಟ್ಟಿದ್ದಳು. ಅವಳನ್ನು ಬೈಯಲೂ ಆಗದೆ ಪಕ್ಕದಲ್ಲಿ ಕೂತು ಅತ್ತೆ.

ರೊವೀನಾ ಒಬ್ಬಳೇ ಬಂದಳು. ಟೂವೂಂಬಾದಲ್ಲಿ ಕ್ಲೆಮ್‌ನ ಪಕ್ಕದ ಜಾಗ ಐಲ್ಸಾಳದ್ದು, ಕಲ್ಲಿನ ಮೇಲೆ ಅವಳ ಹೆಸರನ್ನೂ ಹುಟ್ಟಿದ ವರ್ಷವನ್ನೂ ಆಗಲೇ ಕೆತ್ತಿಟ್ಟಿದ್ದಾರೆ ಎಂದು ಅವಳೇ ಹೇಳಿದಳು. ಅಲ್ಲಿಗೆ ಒಯ್ಯುವುದೋ ಇಲ್ಲೇ ಮಣ್ಣು ಮಾಡುವುದೋ ಎಂದು ತೀರ್ಮಾನಿಸಬೇಕಾದವಳು ಮಗಳು. ಸಂಜೆ ನನ್ನ ಅಡುಗೆಮನೆಯ ಮೇಜಿನ ಮುಂದೆ ಕೂತು ಕೇಳಿದಳು.

“ಮಿರ್ನಾ, ನಿಜ ಹೇಳ್ಬೇಕು ನೀವು. ಅವತ್ತು ಅಪ್ಪನ ಫೋನ್ ಎತ್ತಿ ಕೊಟ್ಟಿದ್ದು ನೀವಂತೆ. ಅಮ್ಮನ ಮಾತು ನಿಮಗೆ ಕೇಳಿಸಿರಬೇಕು. ಎಂಟು ತಿಂಗಳಿಂದ ಇದೇ ಯೋಚನೆ ನಂಗೆ. ನಮ್ಮಮ್ಮ ಕೂಗಾಡೋಳೇ ಅಲ್ಲ. ಕೋಪ ಬಂದ್ರೆ ಮಾತು ಬಿಡ್ತಿದ್ಲು, ಅಷ್ಟೇ. ನಂಗೋಸ್ಕರ ಸುಳ್ಳು ಹೇಳಿದ್ಲಾ?”

ಒಂದು ಮಾತು ಹೇಳಿದ್ದರೆ ಸಾಕಿತ್ತು. ಐಲ್ಸಾ ಗಂಡನ ಪಕ್ಕಕ್ಕೆ ಹೋಗುತ್ತಿದ್ದಳು, ಅವಳ ಮೇಲಿನ ಅಪವಾದ ತೊಳೆದುಹೋಗುತ್ತಿತ್ತು. ಅದನ್ನು ಹೇಳಬಲ್ಲವಳು ಭೂಮಿಯ ಮೇಲೆ ನಾನೊಬ್ಬಳೇ. ಸತ್ತವಳಿಗೆ ನ್ಯಾಯ ಕೊಡಿಸು ಎಂದು ನನ್ನ ರಕ್ತವೆಲ್ಲ ಕುದಿಯುತ್ತಿತ್ತು. ಎದುರಿಗೆ ಕೂತವಳ ಕಣ್ಣುಗಳು ನನ್ನ ಬಾಯಿಯ ಮೇಲೆಯೇ ನೆಟ್ಟಿದ್ದವು. ಹೌದು ಎಂದರೆ ಈ ಕ್ಷಣದಲ್ಲೇ ಅವಳ ಮೇಲೆ ಎಲ್ಲ ಕುಸಿದುಬೀಳುತ್ತದೆ ಎಂದು ನನಗೆ ಕಂಡಿತು.

“ಸುಳ್ಳೆಲ್ಲಿ ಬಂತು?” ಎಂದೆ. “ಕೂಗಾಡಿದ್ಲು. ಈ ಅಡುಗೆಮನೆವರೆಗೂ ಕೇಳಿಸ್ತು. ಈಗ್ಲೇ ಬಾ ಅಂದ್ಲು.”

ಅವಳು ತಲೆಯಾಡಿಸಿದಳು. ಉಸಿರು ಬಿಟ್ಟಳು. ಆಮೇಲೆ ಮೇಜನ್ನು ನೋಡುತ್ತಾ, “ಹಾಗಾದ್ರೆ ಇಲ್ಲೇ ಮಣ್ಣು ಮಾಡ್ಬಿಡೋಣ. ಅಪ್ಪನ ಪಕ್ಕ ಮಲಗಿಸೋಕೆ ನನ್ನ ಮನಸ್ಸು ಒಪ್ಪಲ್ಲ,” ಎಂದಳು.

“ಆಯ್ತಮ್ಮಾ,” ಎಂದೆ.

ಬೆಳಿಗ್ಗೆ ಏಳಕ್ಕೆ, ಬಿಸಿಲೇರುವ ಮೊದಲೇ ಮುಗಿಸಬೇಕೆಂದು ಮಾತಾಗಿತ್ತು. ಊರಿನ ಐದಾರು ಜನ ಕೆಂಪು ಮಣ್ಣಿನಲ್ಲಿ ಗುಂಡಿ ತೋಡಿ, ಪೆಟ್ಟಿಗೆ ತಂದಿಟ್ಟು ಕಾಯುತ್ತಿದ್ದರು. ರೊವೀನಾ ನನ್ನ ಮನೆಯಲ್ಲಿ ಮಲಗಿದ್ದವಳು ಎದ್ದಿರಲಿಲ್ಲ. ಬಾಗಿಲು ಸರಿಸಿ ನೋಡಿದೆ. ಬಾಯಿ ತೆರೆದುಕೊಂಡು, ಒಂದು ಕೈ ಮಂಚದಿಂದ ಕೆಳಗೆ ಜೋತು, ಸಣ್ಣಗೆ ಗೊರಕೆ ಹೊಡೆಯುತ್ತಿದ್ದಳು. ಎಂಟಾಯಿತು. ಎಂಟೂವರೆಗೆ ಗುಂಡಿ ತೋಡಿದವನು ಹಿತ್ತಲ ಬಾಗಿಲಿಗೆ ಬಂದು, ಬಿಸಿಲು ಸುಡ್ತಾ ಇದೆ, ಎಬ್ಬಿಸು ಮಾರಾಯ್ತಿ ಎಂದು ಗೊಣಗಿದ.

“ಮಲಗಿರ್ಲಿ ಬಿಡೋ,” ಎಂದೆ. “ಎದ್ದ ಮೇಲೆ ಬರ್ತಾಳೆ. ಐಲ್ಸಾ ಏನೂ ಅನ್ಕೊಳ್ಳಲ್ಲ.”